ಜೋಶಿಯವರೇ, ಬಿಲ್ ಇಲ್ಲದವರ ಬ್ಯಾಟರಿಯೂ ಬಿಸಿಯಾಗುತ್ತದೆ

ಮಾನ್ಯ ಪ್ರಹ್ಲಾದ ಜೋಶಿಯವರಿಗೆ, ಮುಂಬೈ ಪಕ್ಕದ ಡೊಂಬಿವಲಿಯಿಂದ ನಮಸ್ಕಾರ.

ಗ್ರಾಹಕ ವ್ಯವಹಾರಗಳ ಖಾತೆ ನಿಮ್ಮದು, ಧಾರವಾಡದ ಸಂಸದರೂ ನೀವೇ. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಧಿಕಾರಿಗಳಿಗೆ ಬೇಕಿದ್ದರೆ ನೀವೇ ಓದಿ ಹೇಳಿ.

ಮಗಳ ಕಾಲೇಜಿಗೆಂದು ಲ್ಯಾಮಿಂಗ್ಟನ್ ರೋಡಿನಿಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ದೆ. ಒಂದು ರಾತ್ರಿ "ಅಪ್ಪಾ, ಕ್ಲಿಕ್ಕೇ ಆಗ್ತಿಲ್ಲ" ಅಂದಳು. ನೋಡಿದರೆ ಟಚ್‌ಪ್ಯಾಡ್ ಮೇಲೆದ್ದಿದೆ, ಮುಚ್ಚಿದರೆ ಸರಿಯಾಗಿ ಕೂರುತ್ತಿಲ್ಲ, ಅಡಿಭಾಗ ಒಲೆಯಿಂದ ಆಗಷ್ಟೇ ಇಳಿಸಿದ ಕಾವಲಿ. ಮರುದಿನ ರಿಪೇರಿಯವನು ಸ್ಕ್ರೂ ಬಿಚ್ಚಿದಾಗ ಒಳಗೆ ಬ್ಯಾಟರಿ ಪೂರಿ ಹಾಗೆ ಉಬ್ಬಿ ಕೂತಿತ್ತು. ನಂಬರ್ ನೋಡಿ, "ಕಾಕಾ, ಇದನ್ನು ಕಂಪನಿ ಯಾವಾಗಲೋ ವಾಪಸ್ ಕರೆದಿದೆ" ಅಂದ.

ನಮಗೆ ಹೇಳಿದವರ್ಯಾರು? ಮೊದಲ ಮಾಲೀಕನಿಗೆ ಇಮೇಲ್ ಹೋಗಿರಬಹುದು. ಅಂಗಡಿಯವನು ವಾರಂಟಿ ಮುಗೀತು ಅಂದ. ಸರ್ವಿಸ್ ಸೆಂಟರಿನಲ್ಲಿ ಮೊದಲು ಕೇಳಿದ್ದೇ ಬಿಲ್ಲು. ಕೈಯಲ್ಲಿ ಸುಡುವ ಮಷಿನ್ ಹಿಡಿದವನಿಗೆ ಬಿಲ್ ಎಲ್ಲಿ ಅಂತಾರಲ್ಲ!

ಇದು ಹೊಸ ಕಥೆಯೇನಲ್ಲ. 2006ರಲ್ಲಿ ಡೆಲ್ ಸುಮಾರು 41 ಲಕ್ಷ ಬ್ಯಾಟರಿಗಳನ್ನು ವಾಪಸ್ ಕರೆಯಿತು. ಸೋನಿ ತಯಾರಿಸಿದ ಸೆಲ್‌ಗಳೊಳಗೆ ಸೇರಿದ್ದ ಲೋಹದ ಸೂಕ್ಷ್ಮ ಚೂರುಗಳು ಒಳಗೊಳಗೇ ಶಾರ್ಟ್ ಸರ್ಕ್ಯೂಟ್ ಮಾಡುತ್ತಿದ್ದವು. 2007ರಲ್ಲಿ ನೋಕಿಯಾ ಮೊಬೈಲ್‌ಗಳ ಬಿಎಲ್-5ಸಿ ಬ್ಯಾಟರಿಯ ಗಲಾಟೆ ನೆನಪಿದೆಯಲ್ವಾ? ಆಗ ಉಗುರಿನಿಂದ ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿ ಮಗುಚಿ ನಂಬರ್ ಓದಿದ್ದೆವು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಒಳಗೇ ಇರುತ್ತದೆ, ಉಬ್ಬುವ ತನಕ ಸುಳಿವೇ ಸಿಗುವುದಿಲ್ಲ.

2019ರಲ್ಲಿ ಆಪಲ್ ತನ್ನ 15 ಇಂಚಿನ ಕೆಲವು ಮ್ಯಾಕ್‌ಬುಕ್ ಪ್ರೊಗಳ ಬ್ಯಾಟರಿ ಬದಲಿಸುತ್ತೇನೆ ಎಂದಿತು. ಹೆಚ್ಚಾಗಿ 2015ರ ಸೆಪ್ಟೆಂಬರಿನಿಂದ 2017ರ ಫೆಬ್ರವರಿವರೆಗೆ ಮಾರಿದವು. ಬದಲಿಸುವವರೆಗೆ ಅವನ್ನು ವಿಮಾನದಲ್ಲಿ ತರಬೇಡಿ ಅಂತ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಪ್ರಯಾಣಿಕರಿಗೆ ಹೇಳಿತು. ಸರಿಯೇ. ಆದರೆ ಬೆಳಗ್ಗೆ 8ರ ಹೊತ್ತಿಗೆ ಡೊಂಬಿವಲಿಯ ಫಾಸ್ಟ್ ಲೋಕಲ್ ರೈಲು ಹತ್ತಿ ನೋಡಿ, ಎಲ್ಲರೂ ಲ್ಯಾಪ್‌ಟಾಪ್ ಬ್ಯಾಗನ್ನು ಮಗುವಿನ ಹಾಗೆ ಎದೆಗೆ ಹಾಕಿಕೊಂಡು, ಕೈ ಎತ್ತಲೂ ಜಾಗವಿಲ್ಲದೆ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿರುತ್ತಾರೆ, ಅಲ್ಲಿ ಒಂದು ಬ್ಯಾಗಿನಿಂದ ಹೊಗೆ ಬಂದರೆ ಬಾಗಿಲ ಬಳಿ ಇರುವವರ ಗತಿ ಏನು?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 20ನೇ ಸೆಕ್ಷನ್, ಅಪಾಯಕಾರಿ ವಸ್ತುಗಳನ್ನು ವಾಪಸ್ ಕರೆಸುವ ಅಧಿಕಾರವನ್ನು ನಿಮ್ಮ ಇಲಾಖೆಯ ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. ಅದರ ಜೊತೆಗೆ ನಾನು ಕೇಳುವುದು ಇಷ್ಟೇ: ಬಿಲ್ ಬೇಡ, ಮಷಿನ್ ಮೇಲಿನ ಸೀರಿಯಲ್ ನಂಬರೇ ಸಾಕು ಅಂತ ಕಂಪನಿಗಳಿಗೆ ಹೇಳಿ. ಹಳೇ ಲ್ಯಾಪ್‌ಟಾಪ್ ಮಾರುವವರು ಆ ನಂಬರ್ ನೋಡಿಯೇ ಮಾರಲಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನಂಬರ್ ಹೇಳಿದರೆ ಇದು ವಾಪಸ್ ಕರೆದದ್ದೋ ಅಲ್ಲವೋ ಅಂತ ಅಲ್ಲೇ ಉತ್ತರ ಸಿಗಲಿ.

ಉಬ್ಬಿದ ಆ ಬ್ಯಾಟರಿ ಈಗಲೂ ನಮ್ಮ ಬಾಲ್ಕನಿಯಲ್ಲಿ, ಮರಳು ತುಂಬಿದ ಹಳೇ ಡಬ್ಬದಲ್ಲಿದೆ. ಕಸದ ಗಾಡಿಯವರು ಬೇಡ ಅನ್ನುತ್ತಾರೆ. ಎಲ್ಲಿ ಕೊಡಬೇಕು ಅಂತ ನಿಮ್ಮ ಕಚೇರಿಯಿಂದ ಒಂದು ಸಾಲು ಬಂದರೆ ನಾಳೆಯೇ ಹೋಗಿ ಕೊಟ್ಟು ಬರುತ್ತೇನೆ.

ಇಂತಿ,
ಡೊಂಬಿವಲಿಯ ಒಬ್ಬ ಕನ್ನಡಿಗ