ರಜೆಯ ಹೈಕು: ಗುಂಪಿನ ಎಲ್ಲರ ಗಮನಕ್ಕೆ

ಪೋಷಕರಿಗೂ ಮಕ್ಕಳಿಗೂ ನಮಸ್ಕಾರ.

ಬೇಸಿಗೆ ರಜೆ ಶುರುವಾದಾಗಿನಿಂದ ನಮ್ಮ ಏಳನೇ ತರಗತಿಯ ಹುಡುಗಿಯೊಬ್ಬಳು ದಿನಕ್ಕೊಂದು ಹೈಕು (ಜಪಾನಿನಿಂದ ಬಂದ, ಮೂರು ಸಾಲಿನ ಪುಟ್ಟ ಕವಿತೆ) ಬರೆದು ಇಲ್ಲಿ ಹಾಕುತ್ತಿದ್ದಾಳೆ. ನಿನ್ನೆಯದನ್ನು ನೋಡದವರಿಗಾಗಿ, ಅವಳ ಒಪ್ಪಿಗೆ ಪಡೆದು ಮತ್ತೆ ಹಾಕುತ್ತಿದ್ದೇನೆ:

ಬಿಸಿಲಂಗಳ
ಹಪ್ಪಳ ಕಾಯೋ ಅಜ್ಜಿ
ಕಾಗೆಗೂ ನಿದ್ದೆ

ಆ ‘ಕಾಗೆಗೂ’ ನೋಡಿ. ಅಜ್ಜಿ ತೂಕಡಿಸಿದ್ದನ್ನು ಹೇಳದೆಯೇ ಹೇಳಿಬಿಟ್ಟಳು!

ಬೇರೆ ಮಕ್ಕಳೂ ಬರೆಯಬಹುದು. ಮೂರು ಸಾಲು, 5-7-5 ಅಕ್ಷರ. ಒತ್ತಕ್ಷರವನ್ನು ಒಂದೇ ಎಂದು ಎಣಿಸಿ, ‘ಹಪ್ಪಳ’ ಮೂರಕ್ಷರ. ಜಪಾನಿನವರ ಎಣಿಕೆ ನಮ್ಮಂತಲ್ಲ, ‘ಹೈಕು’ ಎಂಬ ಪದವೇ ಅವರಿಗೆ ಹ-ಇ-ಕು ಎಂದು ಮೂರು, ನಮಗೆ ಎರಡು. ಹಾಗಾಗಿ ಒಂದಕ್ಷರ ಹೆಚ್ಚುಕಡಿಮೆಯಾದರೆ ನಾನಂತೂ ಜಗಳಕ್ಕೆ ಬರುವುದಿಲ್ಲ. 17ನೇ ಶತಮಾನದ ಜಪಾನಿನ ಹೈಕು ಕವಿ ಬಾಶೋ ಕೂಡ ಕೆಲವೊಮ್ಮೆ ಲೆಕ್ಕ ಮೀರಿದ್ದುಂಟು. ಆದರೆ ಋತುವಿನ ಸುಳಿವೊಂದು ಇರಲಿ. ಜಪಾನಿನಲ್ಲಿ ಅದಕ್ಕೆ ‘ಕಿಗೊ’ ಅನ್ನುತ್ತಾರೆ. ಅಲ್ಲಿ ಚೆರ್ರಿ ಹೂವಾದರೆ ನಮಗೆ ಮಾವಿನ ಮಿಡಿ, ಹೊಂಗೆ ನೆರಳು, ಮೊದಲ ಮಳೆಯ ಮಣ್ಣಿನ ವಾಸನೆ. ‘ಪ್ರಕೃತಿ ಸುಂದರ’ ಅಂತ ಬರೆಯಬೇಡಿ, ಕಂಡದ್ದನ್ನು ಬರೆಯಿರಿ.

ದಿನಕ್ಕೆ ಒಬ್ಬರಿಂದ ಒಂದೇ, ರಾತ್ರಿ ಎಂಟರೊಳಗೆ. ಕೈಬರಹದ ಫೋಟೋ ಆದರೂ ಸರಿ. ಅಪ್ಪ-ಅಮ್ಮಂದಿರು ತಿದ್ದಿಕೊಡಬೇಡಿ, ಗೊತ್ತಾಗುತ್ತದೆ. ಶುಭೋದಯದ ಫಾರ್ವರ್ಡ್‌ಗಳಿಗೂ ಸ್ವಲ್ಪ ರಜೆ ಕೊಡಿ, ಅವುಗಳ ನಡುವೆ ಮಕ್ಕಳ ಸಾಲುಗಳು ಕಳೆದುಹೋಗುತ್ತಿವೆ.

– ನಿಮ್ಮ ಕನ್ನಡ ಮೇಷ್ಟ್ರು