ಕ್ಯಾಮೆರಾ ಹಾಕ್ಸಿದ್ರೆ ಸಾಲ್ದು, ಪಾಸ್‌ವರ್ಡೂ ಬದಲಾಯಿಸಿ

ಸಂಪಾದಕರೇ,

ನಮ್ದು ದಾವಣಗೆರೆಲಿ ಒಂದು, ಹರಿಹರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ, ಇಲ್ಲಿ ಗಲ್ಲಾದಲ್ಲಿ ಕೂತ್ಕೊಂಡೇ ಅಲ್ಲಿನ ಸಿಸಿಟಿವಿ ನೋಡ್ತೀನಿ, ತುಂಬಾ ಅನುಕೂಲ ಆಗಿದೆ. ಆದ್ರೆ ಮೊನ್ನೆ ಗೊತ್ತಾಯ್ತು, ಹಾಕಿಕೊಟ್ಟ ಹುಡುಗ ರೂಟರ್‌ನಲ್ಲಿ ಪೋರ್ಟ್ ಓಪನ್ ಮಾಡಿ (ಅಂದ್ರೆ ಹೊರಗಿನ ಇಂಟರ್ನೆಟ್‌ನಿಂದ ಒಳಗೆ ಬರೋಕೆ ಬಾಗಿಲು ತೆಗ್ದು), ಡಿವಿಆರ್ (ಕ್ಯಾಮೆರಾ ವಿಡಿಯೋ ರೆಕಾರ್ಡ್ ಮಾಡೋ ಡಬ್ಬ) ಜೊತೆ ಬಂದ ಪಾಸ್‌ವರ್ಡನ್ನೇ ಹಾಗೇ ಬಿಟ್ಟು ಹೋಗಿದ್ದ, ಅಂದ್ರೆ ಎರಡು ವರ್ಷ ನಮ್ಮ ಗಲ್ಲಾ, ಕೆಲಸದ ಹುಡುಗರು, ಬಂದ ಗಿರಾಕಿಗಳು ಎಲ್ಲಾ ಯಾರು ಬೇಕಾದ್ರೂ ನೋಡೋ ಹಾಗಿತ್ತು! ಅವತ್ತು ರಾತ್ರಿ ನಿದ್ದೆನೇ ಬರ್ಲಿಲ್ಲ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ (ಕೇಡು ಮಾಡೋ ಸಾಫ್ಟ್‌ವೇರ್) ಇಂಥ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡ್ಕೊಂಡು ಟ್ವಿಟರ್, ನೆಟ್‌ಫ್ಲಿಕ್ಸ್ ಅಂಥ ದೊಡ್ಡ ಸೈಟ್‌ಗಳನ್ನೇ ಗಂಟೆಗಟ್ಟಲೆ ಮಲಗಿಸಿತ್ತು. ಈಗ ಪೋರ್ಟ್ ಮುಚ್ಚಿಸಿ ವಿಪಿಎನ್‌ನಲ್ಲಿ (ಇಂಟರ್ನೆಟ್ ಒಳಗೇ ನಮಗೆ ಮಾತ್ರ ಇರೋ ಗುಪ್ತ ದಾರಿ) ನೋಡ್ತಿದೀನಿ, ಸಬ್ ಸ್ಟ್ರೀಮ್ (ಕಮ್ಮಿ ಕ್ವಾಲಿಟಿಯ ಹಗುರ ವಿಡಿಯೋ) ಇಟ್ಕೊಂಡ್ರೆ ಅಲ್ಲಿನ ಅಪ್‌ಲೋಡ್ ಸ್ಪೀಡ್ ಕಮ್ಮಿ ಇದ್ರೂ ಚಿತ್ರ ಅಷ್ಟಾಗಿ ನಿಲ್ಲಲ್ಲ.

ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಲಿ ಜನ ಸೇರೋ ಕಡೆ ಕ್ಯಾಮೆರಾ ಕಡ್ಡಾಯ ಮಾಡಿದಾರೆ, ಒಳ್ಳೇದೇ. ಆದ್ರೆ ಪೊಲೀಸ್ನೋರು ಅಂಗಡಿಗೆ ಬಂದು ಕ್ಯಾಮೆರಾ ಇದ್ಯಾ ಅಂತ ಕೇಳುವಾಗ, ಪಾಸ್‌ವರ್ಡ್ ಬದಲಾಯಿಸಿದೀರಾ ಅಂತಾನೂ ಒಂದ್ಮಾತು ಕೇಳ್ಲಿ, ಹಾಕಿಕೊಡೋರೂ ಅದನ್ನ ಹೇಳ್ಕೊಟ್ಟೇ ಹೋಗ್ಲಿ.

– ಒಬ್ಬ ಅಂಗಡಿಯವ, ದಾವಣಗೆರೆ