ಇದ್ದಿಲು ಮುಗಿದಿರಲಿಲ್ಲ, ಸೀನ

ಲೇ ಸೀನ,

ಮೊನ್ನೆ ರಾತ್ರಿ ಹನ್ನೊಂದಕ್ಕೆ ‘ಗುಹೆ ಒಳಗ ಚಿತ್ರ ಬರದೋರು ಯಾರು, ಯಾಕ ಬರದ್ರು? ಮಗಳ ಪ್ರಾಜೆಕ್ಟು, ಐದು ವಾಕ್ಯ ಸಾಕು’ ಅಂತ ವಾಟ್ಸಾಪಿನಲ್ಲಿ ಎಸೆದು ನೀನು ಮಲಗಿಬಿಟ್ಟೆ. ನಿದ್ದೆ ಕೆಟ್ಟದ್ದು ನನ್ನದು. ಐದು ವಾಕ್ಯಕ್ಕೆ ಮುಗಿಯುವ ಹಾಗೆ ಕಾಣಲಿಲ್ಲ, ಅದಕ್ಕೇ ಪತ್ರ. ಎಲ್ಲರಿಗೂ ಕಾಣುವಂತೆ ಇಲ್ಲೇ ಹಾಕುತ್ತಿದ್ದೇನೆ. ವೈನಿಯೂ ಓದುತ್ತಾರೆ ಅಂತ ಗೊತ್ತು, ಹಾಗಾಗಿ ಕಂಪ್ಲಿ ಬಸ್ಸಿನ ಸುದ್ದಿ ಎತ್ತುವುದಿಲ್ಲ. ಹದಿನೆಂಟು ಮಿರ್ಚಿಯದೂ.

ಮೊದಲು ‘ಯಾರು’. ನಿನ್ನ ಮಗಳು ಖಂಡಿತ ಒಬ್ಬ ಗಡ್ಡದ ಗಂಡಸಿನ ಚಿತ್ರ ಬಿಡಿಸಿ, ಕೈಗೊಂದು ಪಂಜು ಕೊಟ್ಟು ‘ಆದಿಮಾನವ’ ಅಂತ ಬರೆದಿರುತ್ತಾಳೆ. ಅವಳಿಗೆ ರೂಫಿನ್ಯಾಕ್ ಗುಹೆಯ ಕತೆ ಹೇಳು. ಫ್ರಾನ್ಸಿನ ದೊರ್ದೋನ್ ಸೀಮೆಯದು, ಎಂಟು ಕಿಲೋಮೀಟರಿನಷ್ಟು ಕವಲು ಕವಲು. ಈಗ ನೋಡಲು ಹೋದವರನ್ನು ಪುಟ್ಟ ವಿದ್ಯುತ್ ರೈಲಿನಲ್ಲಿ ಕೂಡಿಸಿ ಒಳಗೆ ಕರೆದೊಯ್ಯುತ್ತಾರೆ. ಗೋಡೆ, ಚಾವಣಿಗಳ ಮೇಲೆ ನೂರೈವತ್ತಕ್ಕೂ ಹೆಚ್ಚು ಮ್ಯಾಮತ್ ಆನೆಗಳು, ಬರೆದು ಸುಮಾರು 13,000 ವರ್ಷ. ದೊಡ್ಡ ಚಾವಣಿ ಅನ್ನುವ ಕಡೆ ಆಗ ನೆಲಕ್ಕೂ ಮಾಳಿಗೆಗೂ ನಡುವೆ ಹೆಚ್ಚೂಕಡಿಮೆ ಒಂದು ಮೀಟರ್ ಜಾಗ. ನೆಲ ಅಗೆದು ತಗ್ಗಿಸಿದ್ದು ನಮ್ಮ ಕಾಲದಲ್ಲಿ. ಬರೆದವರು ಅಂಗಾತ ಮಲಗಿಯೇ ಬರೆದಿರಬೇಕು. ಹಿಂದೆ ಸರಿದು, ಕತ್ತು ವಾರೆ ಮಾಡಿ, ‘ಸೊಂಡಿಲು ಉದ್ದ ಆಯ್ತೇನೋ’ ಅಂತ ನೋಡಿಕೊಳ್ಳಲು ಜಾಗವೇ ಇರಲಿಲ್ಲ. ಆದರೂ ಸೊಂಡಿಲು ಸರಿಯಾಗಿಯೇ ಬಂದಿದೆ. ನಮ್ಮ ಕಾಲೇಜಿನ ಗೋಡೆಗೆ ನೀನು ಬಿಡಿಸಿದ ನವಿಲು ನೆನಪಾಯಿತು, ಕ್ಷಮಿಸು.

ಅದೇ ಗುಹೆಯಲ್ಲಿ ಗೋಡೆ ಮೆತ್ತಗಿರುವ ಕಡೆ ಬೆರಳೆಳೆದ ಗೆರೆಗಳಿವೆ. ಪ್ರಾಣಿ ಇಲ್ಲ, ಮನುಷ್ಯರಿಲ್ಲ, ಬರೀ ಸಾಲು ಸಾಲು ಗೆರೆ. ಕೆವಿನ್ ಶಾರ್ಪ್, ಲೆಸ್ಲಿ ವ್ಯಾನ್ ಗೆಲ್ಡರ್ ಅನ್ನುವ ಇಬ್ಬರು ಸಂಶೋಧಕರು ಆ ಗೆರೆಗಳ ಅಗಲ ಅಳೆಯುತ್ತ ಕೂತರು. ನಡುವಿನ ಮೂರು ಬೆರಳು ಜೋಡಿಸಿ ಎಳೆದರೆ ಎಷ್ಟು ಅಗಲ ಬೀಳುತ್ತದೆ ಅನ್ನುವುದರಿಂದ ಎಳೆದವರ ವಯಸ್ಸು ಅಂದಾಜು ಮಾಡಬಹುದು. ಸಿಕ್ಕವರಲ್ಲಿ ಮಕ್ಕಳೂ ಇದ್ದರು, ಎರಡು ಮೂರು ವರ್ಷದ ಕೂಸುಗಳು ಸೇರಿ. ಐದು ವರ್ಷದ ಒಂದು ಮಗು, ಹುಡುಗಿಯೇ ಇರಬೇಕು ಅನ್ನುತ್ತಾರೆ, ಕಂಡಕಂಡಲ್ಲೆಲ್ಲ ಎಳೆದಿದೆ. ಕೆಲವು ಗೆರೆ ಮಗುವಿಗೆ ಎಟುಕದ ಎತ್ತರದಲ್ಲಿವೆ. ಅಂದರೆ ಯಾರೋ ಹೆಗಲ ಮೇಲೆ ಕೂಡಿಸಿಕೊಂಡು ನಡೆದಿದ್ದಾರೆ. ಕತ್ತಲು, ಕರಡಿ ಮಲಗಿದ ಗುಂಡಿಗಳು, ಅದರ ನಡುವೆ ಹೆಗಲ ಮೇಲೊಂದು ಕೂಸು. ಬಿಚ್ಚಿ ಅಳೆದು ನೋಡಿದರೆ ‘ಆದಿಮಾನವ’ ಅಂದರೆ ಇಷ್ಟೇ.

‘ಯಾಕೆ’ ಅನ್ನುವುದಕ್ಕೆ ಪಂಡಿತರು ನೂರು ವರ್ಷದಿಂದ ಜಗಳಾಡುತ್ತಿದ್ದಾರೆ. ಬೇಟೆ ಕೈಗೂಡಲಿ ಅಂತ ಮಾಡಿದ ಮಾಟ ಅಂತ ಒಬ್ಬರು. ಆದರೆ ಫ್ರಾನ್ಸಿನದೇ ಇನ್ನೊಂದು ಚಿತ್ರದ ಗುಹೆ ಲಾಸ್ಕೋದಲ್ಲಿ ಸಿಕ್ಕ ಎಲುಬುಗಳು ಬಹುಪಾಲು ಹಿಮಸಾರಂಗದವು, ಗೋಡೆಯ ಮೇಲಿನ ಮೆರವಣಿಗೆ ಕುದುರೆ, ಹೋರಿಗಳದು. ತಿಂದದ್ದೇ ಒಂದು, ಬರೆದದ್ದೇ ಒಂದು. ಮೈಮೇಲೆ ಬಂದವರು ಕಂಡದ್ದನ್ನು ಬರೆದರು ಅಂತ ಇನ್ನೊಬ್ಬರು. ಮಗಳಿಗೆ ಎರಡನ್ನೂ ಬರೆಯಲು ಹೇಳು, ಮಾರ್ಕ್ಸ್ ಕೊಡುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. 1956ರಲ್ಲಿ ನೂಜಿಯೆ, ರೊಬೇರ್ ಅನ್ನುವ ಇಬ್ಬರು ಸಂಶೋಧಕರು ರೂಫಿನ್ಯಾಕ್ ಹೊಕ್ಕು ‘ಇಲ್ಲಿ ಮ್ಯಾಮತ್‌ಗಳಿವೆ’ ಅಂದಾಗ ದೊಡ್ಡ ರಂಪ ಆಯಿತು. ಅದೇನೂ ಯಾರೂ ಕಾಣದ ಗುಹೆಯಲ್ಲ, ಜನ ಶತಮಾನಗಳಿಂದ ಹೋಗಿ ಬರುತ್ತಿದ್ದರು. ಹೋದವರು ಸುಮ್ಮನೆ ಬರಲಿಲ್ಲ, ಮೋಂಬತ್ತಿಯ ಹೊಗೆ ಹಿಡಿದು ಚಾವಣಿಗೆ ತಮ್ಮ ಹೆಸರು, ಇಸವಿ ಬರೆದು ಬಂದರು. ಆನೆಯ ಬೆನ್ನ ಮೇಲೇ. ಆನೆ ಅವರಿಗೆ ಕಾಣಲಿಲ್ಲ, ಖಾಲಿ ಜಾಗ ಕಂಡಿತು.

ಇಲ್ಲಿಗೆ ನಿಲ್ಲಿಸಿ ‘ಇಂತಿ ನಿನ್ನ’ ಅಂತ ಬರೆಯಬೇಕಿತ್ತು.

ಡಿಗ್ರಿ ಮುಗಿದ ಬೇಸಿಗೆ ಹಿರೇಬೆಣಕಲ್ಲಿಗೆ ಹೋಗಿದ್ದೆವಲ್ಲ. ಮೋರೇರ ಗುಡ್ಡ ಹತ್ತುವಾಗ ಕುರಿ ಕಾಯುವ ಅಜ್ಜ ಕಲ್ಲಿನ ಮನೆಗಳನ್ನು ತೋರಿಸಿ ‘ಗಿಡ್ಡ ಮಂದಿ ಇದ್ರು ಯಪ್ಪಾ, ಅವರ ಮನಿ ಇವು’ ಅಂದಿದ್ದ. ಬಂಡೆಯ ಪಡಿಯಲ್ಲಿ ಜಾಜಿನಂಥ ಕೆಂಪಿನಲ್ಲಿ ಬರೆದ ಜನ, ಜಿಂಕೆ. ನಾನು ಅಲ್ಲಿ ಕುರಿಗಾರರ ಒಲೆಯಿಂದ ಒಂದು ಇದ್ದಿಲು ಆರಿಸಿಕೊಂಡು ನನ್ನ ಹೆಸರು ಬರೆದೆ. ಈ ಕತೆಯನ್ನು ಹತ್ತು ಕಡೆ ಹೇಳಿದ್ದೇನೆ, ‘ಚಿತ್ರಕ್ಕಿಂತ ಎರಡು ಮೊಳ ದೂರ’ ಅಂತ ಸೇರಿಸಿಯೇ ಹೇಳಿದ್ದೇನೆ. ಎರಡು ಮೊಳ ಇರಲಿಲ್ಲ. ಕೊನೆಯ ಅಕ್ಷರದ ಒತ್ತು ಜಿಂಕೆಯ ಹಿಂಗಾಲ ಮೇಲೆ ಬಿದ್ದಿತ್ತು. ನನಗೆ ಆಗಲೇ ಕಂಡಿತ್ತು.

ನೀನು ‘ನಂದೂ ಬರಿಯಲೇ’ ಅಂದೆ. ನಾನು ‘ಇದ್ದಿಲು ಮುಗೀತು’ ಅಂದೆ.

ಮುಗಿದಿರಲಿಲ್ಲ ದೋಸ್ತಾ. ಹೆಬ್ಬೆರಳಷ್ಟು ಉಳಿದಿತ್ತು, ಅಂಗಿ ಜೇಬಿಗೆ ಹಾಕಿಕೊಂಡೆ. ಆ ವಾರ ನಿನಗೆ ಕೆಲಸದ ಆರ್ಡರ್ ಬಂದಿತ್ತು, ನನಗೆ ಎರಡು ಸಬ್ಜೆಕ್ಟ್ ಹೋಗಿದ್ದವು. ಗುಡ್ಡ ಹತ್ತುವಾಗ ಉದ್ದಕ್ಕೂ ನೀನು ಪುಣೆಯಲ್ಲಿ ರೂಮು ಎಲ್ಲಿ ಹಿಡಿಯಬೇಕು ಅಂತ ಮಾತಾಡುತ್ತಿದ್ದೆ. ಒಂದು ಬಂಡೆಯ ಮೇಲಾದರೂ ನಾನೊಬ್ಬನೇ ಇರಬೇಕು ಅನ್ನಿಸಿತು. ಇದನ್ನು ಬರೆದು ಎರಡು ಸಲ ಅಳಿಸಿದೆ, ಮೂರನೇ ಸಲ ಬಿಟ್ಟಿದ್ದೇನೆ. ಮನೆಗೆ ಬಂದ ಮೇಲೆ ಅವ್ವ ಅಂಗಿ ಒಗೆಯುತ್ತ, ‘ಜೇಬಿನಾಗ ಮಸಿ ಯಾಕಿಟ್ಟುಕೊಂಡಿಯೋ, ಇದೇನು ಹೋಗೂದಲ್ಲ’ ಅಂತ ಕಲ್ಲಿಗೆ ಕುಕ್ಕಿ ಕುಕ್ಕಿ ಬೈದಳು. ಹೋಗಲಿಲ್ಲ. ಆ ಅಂಗಿ ಮುಂದೆ ಸೈಕಲ್ ಒರೆಸುವ ಬಟ್ಟೆಯಾಯಿತು.

13,000 ವರ್ಷದ ಹಿಂದಿನವರು ಯಾಕೆ ಬರೆದರು ಅಂತ ನನ್ನನ್ನು ಕೇಳುತ್ತೀಯಲ್ಲ, ಎಂಥ ಸಾಕ್ಷಿಯನ್ನು ಹಿಡಿದೆಯೋ. ನಾನು ಬರೆದದ್ದರಲ್ಲಿ ಮಾಟವಿರಲಿಲ್ಲ, ಮೈಮೇಲೆ ಯಾರೂ ಬಂದಿರಲಿಲ್ಲ. ಹೆಗಲ ಮೇಲೆ ಕೂಸಂತೂ ಇರಲಿಲ್ಲ, ಪಕ್ಕದಲ್ಲಿ ನೀನಿದ್ದೆ.

ಆಯಿತು, ಸಾಕು. ಇಷ್ಟು ಓದಿ ವೈನಿಗೆ ‘ಪಾಪ’ ಅನ್ನಿಸಿದ್ದರೆ, ಆ ನವಿಲಿನ ಫೋಟೋ ಇನ್ನೂ ನನ್ನ ಹತ್ತಿರ ಇದೆ ಅಂತ ತಿಳಿಸು. ಮಗಳಿಗೆ ಪ್ರಾಜೆಕ್ಟ್‌ನಲ್ಲಿ ಐದು ವರ್ಷದ ಆ ಹುಡುಗಿಯನ್ನೇ ಬರೆಯಲು ಹೇಳು, ಗಡ್ಡದವನನ್ನು ಬಿಡಲಿ. ಈ ಪತ್ರ ಮಾತ್ರ ಅಂಟಿಸಬೇಡ, ನನ್ನ ಅಕ್ಷರ ಟೀಚರಿಗೂ ಹಿಡಿಸುವುದಿಲ್ಲ.

ದಸರೆಗೆ ಊರಿಗೆ ಬಾ. ಹದಿನೆಂಟೂ ನನ್ನ ಲೆಕ್ಕ.

ನಿನ್ನ,
ಕೊಡೆ ಮರೆತವನು